ಕಪ್ಪು ಶರಬತ್ತು ನಮ್ಮ ಮಳಿಗೆಗೆ ಬೇಡ

ಮುಂದಿನ ತಿಂಗಳ ವಾಣಿಜ್ಯ ಮೇಳದಲ್ಲಿ ದ್ವಿತೀಯ ಪಿಯುಸಿ ಕಾಮರ್ಸ್ ಮಳಿಗೆಯಿಂದ ಏನು ಮಾರಬೇಕು ಎಂದು ತರಗತಿಯಲ್ಲಿ ಕೈ ಎತ್ತಿಸಿದಾಗ ‘ಡಿಟಾಕ್ಸ್ ಶರಬತ್ತು’ ಗೆದ್ದಿತು. ನಿಂಬೆಹಣ್ಣು, ಸಕ್ಕರೆ, ಪುದೀನ, ಅದರೊಳಗೆ ಅರ್ಧ ಚಮಚ ಆಕ್ಟಿವೇಟೆಡ್ ಚಾರ್ಕೋಲ್ ಪುಡಿ. ನೋಡಲು ಮಸಿಯಂತೆ ಕಪ್ಪು. ಫೋಟೊ ತುಂಬಾ ಚೆನ್ನಾಗಿ ಬರುತ್ತದೆ, ಅದನ್ನು ನಾನೂ ಒಪ್ಪುತ್ತೇನೆ. ಬೋರ್ಡಿಗೆ ವಾಕ್ಯವೂ ಸಿದ್ಧವಾಗಿದೆ: ‘ದೇಹದ ವಿಷ ಹೊರಹಾಕಿ, ಹೊಟ್ಟೆ ಹಗುರ ಮಾಡಿಕೊಳ್ಳಿ!’ ವೆಚ್ಚದ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಗ್ಲಾಸಿಗೆ 9 ರೂಪಾಯಿ ಖರ್ಚು, 40 ರೂಪಾಯಿ ಬೆಲೆ, 31 ರೂಪಾಯಿ ಲಾಭ. ನೂರು ಗ್ಲಾಸ್ ಹೋದರೆ 3,100 ರೂಪಾಯಿ. ನಮ್ಮ ಮಳಿಗೆಗಳ ಪಟ್ಟಿಯಲ್ಲಿ ಇಷ್ಟು ಲಾಭ ತೋರಿಸಿದ್ದು ಬೇರೊಂದಿಲ್ಲ.

ಆದರೂ ನಾನು ಇದಕ್ಕೆ ವಿರೋಧ. ತರಗತಿಯಲ್ಲಿ ಹೇಳಲು ಹೋದಾಗ ‘ಸೈನ್ಸ್ ಸೆಕ್ಷನ್‌ಗೆ ಹೋಗಬೇಕಿತ್ತು ನೀನು’ ಎಂದು ನಕ್ಕರು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ವಾರ್ತಾಪತ್ರದಲ್ಲಿ ಮಧ್ಯೆ ಬಾಯಿ ಹಾಕುವವರು ಇರುವುದಿಲ್ಲ.

ಮೊದಲಿಗೆ, ಇದು ಒಲೆಯ ಇದ್ದಿಲಲ್ಲ. ತೆಂಗಿನ ಕರಟವನ್ನೋ ಮರವನ್ನೋ ಗಾಳಿ ಆಡದಂತೆ ಸುಟ್ಟು ಇದ್ದಿಲು ಮಾಡಿ, ಆಮೇಲೆ 800ರಿಂದ 1,000 ಡಿಗ್ರಿ ಬಿಸಿಯಲ್ಲಿ ಹಬೆ ಹಾಯಿಸುತ್ತಾರೆ. ಆಗ ಇದ್ದಿಲಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು ಲೆಕ್ಕವಿಲ್ಲದಷ್ಟು ಬಿಚ್ಚಿಕೊಳ್ಳುತ್ತವೆ. ಒಂದು ಗ್ರಾಂ ಪುಡಿಯ ಒಳಗಿನ ಮೇಲ್ಮೈಯನ್ನೆಲ್ಲ ಹರಡಿದರೆ ಸುಮಾರು 1,000 ಚದರ ಮೀಟರ್ ಆಗುತ್ತದೆ. ಅಂದರೆ 30×40ರ ಒಂಬತ್ತು ಸೈಟು! ಈ ಗೋಡೆಗಳಿಗೆ ಬೇರೆ ವಸ್ತುಗಳ ಕಣಗಳು ಬಂದು ಅಂಟಿಕೊಳ್ಳುತ್ತವೆ. ಅದರ ಗುಟ್ಟು ಅಷ್ಟೇ. ನಮ್ಮ ಜಿಲ್ಲೆಯವರಿಗೆ ಕರಟ ಹೊಸದಲ್ಲ, ತಿಪಟೂರಿನ ಕೊಬ್ಬರಿಯ ಹೆಸರು ಕೇಳದವರಾರು? ಕರಟದ ಇದ್ದಿಲಿಗೂ ಆಕ್ಟಿವೇಟೆಡ್ ಇಂಗಾಲಕ್ಕೂ ಇರುವ ವ್ಯತ್ಯಾಸ ಸುಂಕದ ಪಟ್ಟಿಗೂ ಗೊತ್ತು. ಮೊದಲನೆಯದು 4402, ಎರಡನೆಯದು 3802, ಔಷಧಿಯಾಗಿ ಡಬ್ಬಿ ಕಟ್ಟಿ ಮಾರಿದರೆ 3004. ಒಂದೇ ಕರಟಕ್ಕೆ ಮೂರು ಕೋಡ್! ಇದನ್ನು ಓದಿ ಸಂತೋಷಪಡುವವರು ಈ ಕಾಲೇಜಿನಲ್ಲಿ ನಾನು ಮತ್ತು ನಮ್ಮ ಅಕೌಂಟೆನ್ಸಿ ಸರ್ ಇಬ್ಬರೇ ಇರಬಹುದು.

ಮೇಳದ ಸಿದ್ಧತೆಯಲ್ಲಿ ಒಬ್ಬ ಗೆಳೆಯ, ‘ಪುಡಿ ದುಬಾರಿ, ಲೋಬಾನ್ ಹಾಕುವ ಇದ್ದಿಲು ಬಿಲ್ಲೆಯನ್ನೇ ಕುಟ್ಟಿ ಹಾಕೋಣ’ ಎಂದ. ತಮಾಷೆಗೆ ಹೇಳಿದನೋ ನಿಜಕ್ಕೋ ಗೊತ್ತಾಗಲಿಲ್ಲ. ಬೆಂಕಿಕಡ್ಡಿ ತಾಗಿಸಿದ ಕೂಡಲೇ ಚಟಪಟ ಹೊತ್ತಿಕೊಳ್ಳುವ ಆ ಬಿಲ್ಲೆಗಳಿಗೆ ಪೊಟ್ಯಾಸಿಯಂ ನೈಟ್ರೇಟ್, ಅಂದರೆ ಪೆಟ್ಲುಪ್ಪು, ಬೆರೆಸಿರುತ್ತಾರೆ. ದಯವಿಟ್ಟು ಅದನ್ನು ಯಾರೂ ಬಾಯಿಗೆ ಹಾಕಬೇಡಿ.

ಈ ಇದ್ದಿಲು ಕೆಲಸಕ್ಕೆ ಬಾರದ್ದು ಎಂದು ನಾನು ಹೇಳುತ್ತಿಲ್ಲ. ನಮ್ಮ ಕಾಲೇಜಿನ ವಾಟರ್ ಫಿಲ್ಟರಿನೊಳಗೆ ಇರುವುದು ಇದೇ. ಮೊದಲ ಮಹಾಯುದ್ಧದಲ್ಲಿ ವಿಷಾನಿಲದಿಂದ ಸೈನಿಕರನ್ನು ಕಾಪಾಡಿದ ಮುಖವಾಡಗಳಲ್ಲಿ ಇದ್ದದ್ದೂ ಇದೇ. ಅಮೆರಿಕದಲ್ಲಿ ಅದಕ್ಕಾಗಿ ಜನರಿಂದ ಪೀಚ್ ಹಣ್ಣಿನ ಬೀಜ, ಕರಟ ಎಲ್ಲ ಸಂಗ್ರಹಿಸಿದ್ದರು. ಆಸ್ಪತ್ರೆಯಲ್ಲೂ ಇದಕ್ಕೆ ಜಾಗವಿದೆ. ಕೆಲವು ಮಾತ್ರೆಗಳನ್ನು ಯಾರಾದರೂ ಹೆಚ್ಚಾಗಿ ನುಂಗಿಬಿಟ್ಟರೆ, ಸಾಧ್ಯವಾದಷ್ಟು ಒಂದು ಗಂಟೆಯೊಳಗೆ, ನೀರಿನಲ್ಲಿ ಕಲಸಿ ಕುಡಿಸುತ್ತಾರೆ. ದೊಡ್ಡವರಿಗೆ ಕೊಡುವುದು ಸಾಮಾನ್ಯವಾಗಿ 50 ಗ್ರಾಂ.

ಇಲ್ಲಿ ಸ್ವಲ್ಪ ಲೆಕ್ಕ ಹಾಕಿ. ಅಂಗಡಿಯಲ್ಲಿ ಸಿಗುವ ಒಂದು ಕ್ಯಾಪ್ಸೂಲ್‌ನಲ್ಲಿ 250 ಮಿಲಿಗ್ರಾಂ ಇದ್ದರೆ, 50 ಗ್ರಾಂ ಆಗಲು 200 ಕ್ಯಾಪ್ಸೂಲ್ ಬೇಕು. 60ರ ಡಬ್ಬಿಯಾದರೆ ಮೂರು ಡಬ್ಬಿ ಖಾಲಿ ಮಾಡಿ ನಾಲ್ಕನೆಯದನ್ನು ಒಡೆಯಬೇಕು. ‘ಮನೆಯಲ್ಲಿ ಒಂದು ಡಬ್ಬಿ ಇರಲಿ, ಮಕ್ಕಳು ಏನಾದರೂ ನುಂಗಿದರೆ ಬೇಕಾಗುತ್ತದೆ’ ಎಂದು ಡಬ್ಬಿ ಇಟ್ಟುಕೊಂಡವರನ್ನು ನಾನು ಬಲ್ಲೆ. ನನಗೆ ಹೆಚ್ಚು ಭಯವಾಗುವುದು ಈ ಮಾತಿನ ಬಗ್ಗೆಯೇ. ನಮ್ಮ ಮನೆಗಳಲ್ಲಿ ಮಕ್ಕಳು ಏನು ನುಂಗುತ್ತಾರೆ? ಸೀಮೆಎಣ್ಣೆ, ಪೇಂಟಿನ ಥಿನ್ನರ್, ಟಾಯ್ಲೆಟ್ ತೊಳೆಯುವ ಆ್ಯಸಿಡ್, ಅಮ್ಮನ ಐರನ್ ಮಾತ್ರೆ. ಈ ಪಟ್ಟಿಯಲ್ಲಿ ಒಂದಕ್ಕೂ ಇದ್ದಿಲು ಉಪಯೋಗವಿಲ್ಲ. ಕಬ್ಬಿಣ, ಲಿಥಿಯಂ, ಆಲ್ಕೋಹಾಲ್, ಆಮ್ಲ, ಕ್ಷಾರ ಇವು ಇದಕ್ಕೆ ಸರಿಯಾಗಿ ಅಂಟುವುದೇ ಇಲ್ಲ. ಸೀಮೆಎಣ್ಣೆ ಕುಡಿದ ಮಗುವಿಗೆ ಬಲವಂತವಾಗಿ ಏನಾದರೂ ಕುಡಿಸಿ, ಅದು ವಾಂತಿ ಮಾಡಿಕೊಂಡರೆ ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಮಂಪರಿನಲ್ಲಿರುವವರ ಬಾಯಿಗೆ ಇದ್ದಿಲು ನೀರು ಹಾಕಿದರೂ ಅದೇ ಅಪಾಯ. ಆಸ್ಪತ್ರೆಯವರು ಕೊಡುವ ಮೊದಲು ರೋಗಿಗೆ ಎಚ್ಚರವಿದೆಯೇ, ನುಂಗಲು ಆಗುತ್ತದೆಯೇ ಎಂದು ನೋಡುವುದು ಇದಕ್ಕೇ.

ಆಸ್ಪತ್ರೆಯಲ್ಲೂ ಇದು ಮಂತ್ರವಲ್ಲ. ಶ್ರೀಲಂಕಾದ ಆಸ್ಪತ್ರೆಗಳಲ್ಲಿ ಕೀಟನಾಶಕ ಮುಂತಾದ ವಿಷ ಒಳಗೆ ಹೋಗಿದ್ದ 4,632 ರೋಗಿಗಳನ್ನು ಗುಂಪು ಮಾಡಿ ನೋಡಿದ ಅಧ್ಯಯನ 2008ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಇದ್ದಿಲು ಕೊಟ್ಟವರಿಗೂ ಕೊಡದವರಿಗೂ ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮನೆಯಲ್ಲಿ ಇಂಥದ್ದು ಆದರೆ ಡಬ್ಬಿ ಹುಡುಕುತ್ತಾ ಸಮಯ ಕಳೆಯಬೇಡಿ, 108ಕ್ಕೆ ಕರೆ ಮಾಡಿ. ದೆಹಲಿಯ ಏಮ್ಸ್‌ನಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರವಿದೆ, ಅದರ ಉಚಿತ ಸಂಖ್ಯೆ 1800 116 117. ಎರಡನ್ನೂ ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಏನು ನುಂಗಿದೆಯೋ ಅದರ ಬಾಟಲಿಯನ್ನು ಜೊತೆಗೆ ಒಯ್ಯಿರಿ.

ಈಗ ನಮ್ಮ ಬೋರ್ಡಿನ ಮಾತಿಗೆ ಬರೋಣ. ‘ದೇಹದ ವಿಷ’ ಅಂದರೆ ಯಾವುದು? ನಾನು ತರಗತಿಯಲ್ಲಿ ಕೇಳಿದೆ. ಒಬ್ಬರು ‘ಜಂಕ್ ಫುಡ್’ ಅಂದರು, ಇನ್ನೊಬ್ಬರು ‘ಪೊಲ್ಯೂಷನ್’, ಮತ್ತೊಬ್ಬರು ‘ಎಲ್ಲ ವಿಷವೂ’ ಅಂದರು. ಇದ್ದಿಲು ರಕ್ತಕ್ಕೆ ಹೋಗುವುದಿಲ್ಲ. ಬಾಯಿಯಿಂದ ಹೊಕ್ಕು ಕರುಳಿನಲ್ಲಿ ಸಾಗಿ, ಮಲದ ಬಣ್ಣ ಕಪ್ಪು ಮಾಡಿ ಹೊರಗೆ ಬರುತ್ತದೆ. ಕೆಲವರಿಗೆ ಮಲಬದ್ಧತೆಯನ್ನೂ ಕೊಟ್ಟು ಬರುತ್ತದೆ. ರಕ್ತವನ್ನು ಶುದ್ಧಮಾಡುವ ಕೆಲಸ ಪಿತ್ತಕೋಶದ ಪಕ್ಕದ ಯಕೃತ್ತಿನದು, ಮೂತ್ರಪಿಂಡದ್ದು. ಅವು ನಮ್ಮಿಂದ 40 ರೂಪಾಯಿ ಕೇಳುವುದಿಲ್ಲ.

ಮತ್ತೆ, ಇದ್ದಿಲಿಗೆ ಒಳ್ಳೆಯದು ಕೆಟ್ಟದ್ದು ಗೊತ್ತಿಲ್ಲ. ವಿಷದ ಮಾತ್ರೆಯಾದರೂ ಅಂಟುತ್ತದೆ, ಬದುಕಿಸುವ ಮಾತ್ರೆಯಾದರೂ ಅಂಟುತ್ತದೆ. ಇದು ನನಗೆ ಗೊತ್ತಾಗಿದ್ದು ಪುಸ್ತಕದಿಂದಲ್ಲ, ನಮ್ಮ ದಾದಿಯಿಂದ. ದಾದಿಗೆ ಬಿಪಿ ಇದೆ. ದಿನಕ್ಕೆ 5 ಮಿಲಿಗ್ರಾಂನ ಒಂದು ಆಮ್ಲೋಡಿಪಿನ್ ಮಾತ್ರೆ. ಕಳೆದ ರಂಜಾನಿನಲ್ಲಿ ಇಫ್ತಾರ್ ಆದಮೇಲೆ ಹೊಟ್ಟೆ ಉಬ್ಬರ ಎನ್ನುತ್ತಿದ್ದರು ಎಂದು ಬೆಂಗಳೂರಿನ ಫುಪ್ಪು ಒಂದು ಡಬ್ಬಿ ಚಾರ್ಕೋಲ್ ಕ್ಯಾಪ್ಸೂಲ್ ತಂದುಕೊಟ್ಟರು. ಮುಂದೆ ದೊಡ್ಡ ಅಕ್ಷರದಲ್ಲಿ ‘ನೈಸರ್ಗಿಕ’ ಎಂದಿತ್ತು. ದಾದಿ ಇಫ್ತಾರ್ ಮುಗಿಸಿ ಬಿಪಿ ಮಾತ್ರೆಯನ್ನೂ ಇದನ್ನೂ ಒಂದೇ ಲೋಟ ನೀರಿನಲ್ಲಿ ನುಂಗುತ್ತಿದ್ದರು. ಹನ್ನೆರಡು ದಿನ ಹೀಗೇ ನಡೆಯಿತು. ಕ್ಲಿನಿಕ್‌ಗೆ ಹೋದಾಗ ಬಿಪಿ ಏರಿತ್ತು. ‘ಹೊಸದಾಗಿ ಏನಾದರೂ ತಗೋತಿದ್ದೀರಾ ಅಮ್ಮಾ?’ ಎಂದು ಡಾಕ್ಟರ್ ಕೇಳಿದರು. ದಾದಿ ‘ಇಲ್ಲ’ ಅಂದರು. ಅವರ ಲೆಕ್ಕದಲ್ಲಿ ಇದ್ದಿಲು ಔಷಧಿಯೇ ಅಲ್ಲ. ಅಮ್ಮಿ ನೆನಪಿಸಿದ ಮೇಲೆ ವಿಷಯ ಹೊರಬಿತ್ತು.

ಬಿಪಿ ಏರಿದ್ದಕ್ಕೆ ಇದೊಂದೇ ಕಾರಣ ಎಂದು ಡಾಕ್ಟರ್ ಹೇಳಲಿಲ್ಲ. ಸಮೋಸ ಇತ್ತು, ಉಪ್ಪು ಇತ್ತು, ಸಹರಿಗೆ ಎದ್ದು ಕೆಟ್ಟ ನಿದ್ದೆಯೂ ಇತ್ತು. ಆದರೆ ಅವರು ಮೊದಲು ನಿಲ್ಲಿಸಿದ್ದು ಆ ಡಬ್ಬಿಯನ್ನು. ಆಮ್ಲೋಡಿಪಿನ್ ಇದ್ದಿಲಿಗೆ ಚೆನ್ನಾಗಿ ಅಂಟಿಕೊಳ್ಳುವ ಔಷಧಿಗಳಲ್ಲಿ ಒಂದು. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್, ಹೃದಯಕ್ಕೆ ಕೊಡುವ ಡಿಜಾಕ್ಸಿನ್, ಎಲ್ಲರ ಮನೆಯಲ್ಲೂ ಇರುವ ಪ್ಯಾರಾಸಿಟಮಾಲ್ ಕೂಡ ಹಾಗೆಯೇ. ವಿಷಕ್ಕೆ ಚಿಕಿತ್ಸೆ ಕೊಡುವಾಗ, ನುಂಗಿದ ಔಷಧಿಯ ತೂಕಕ್ಕೆ ಹತ್ತು ಪಟ್ಟು ಇದ್ದಿಲು ಎಂಬುದೊಂದು ಅಂದಾಜು. ಹಾಗಾದರೆ 5 ಮಿಲಿಗ್ರಾಂಗೆ 50 ಮಿಲಿಗ್ರಾಂ ಸಾಕು, ಒಂದು ಕ್ಯಾಪ್ಸೂಲ್‌ನಲ್ಲಿ ಅದರ ಐದು ಪಟ್ಟು ಇದೆ. ಹೊಟ್ಟೆಯಲ್ಲಿ ಊಟವೂ ಇರುವುದರಿಂದ ಔಷಧಿಯೆಲ್ಲ ಅದಕ್ಕೇ ಅಂಟುತ್ತದೆ ಎಂದೇನಲ್ಲ. ಆದರೆ ವಿಷಕ್ಕೆ ಸಾಲದ ಪ್ರಮಾಣ ಔಷಧಿಯನ್ನು ಕೆಡಿಸಲು ಸಾಕಾಗುತ್ತದೆ ಎಂಬುದು ವಿಚಿತ್ರ. ಮನೆಗೆ ಬಂದು ಡಬ್ಬಿ ತಿರುಗಿಸಿ ನೋಡಿದೆ. ಬೇರೆ ಔಷಧಿಗಳಿಂದ ಎರಡು ಗಂಟೆ ಅಂತರ ಇರಲಿ ಎಂದು ಹಿಂದೆ ಬರೆದಿತ್ತು. ನನ್ನ ಕಣ್ಣಿಗೇ ಕಷ್ಟವಾಗುವಷ್ಟು ಸಣ್ಣ ಅಕ್ಷರ, ಅದೂ ಇಂಗ್ಲಿಷಿನಲ್ಲಿ. ದಾದಿಗೆ ಓದಲು ಬರುವುದು ಉರ್ದು ಮಾತ್ರ. ‘ಮಗಳು ಪ್ರೀತಿಯಿಂದ ತಂದಳು ಅಂತ ತಿಂದೆ, ಇಲ್ಲದಿದ್ದರೆ ಕೋಯ್ಲಾ ಕಾಯ್ಕು ಖಾನಾ!’ ಎಂದು ಹೇಳಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು.

ಮೇಳಕ್ಕೆ ಬರುವವರು ಯಾರು? ನಮ್ಮ ಅಮ್ಮಂದಿರು, ದಾದಿ ನಾನಿಯರು, ಶುಗರ್ ಬಿಪಿ ಇರುವ ನಮ್ಮದೇ ಲೆಕ್ಚರರ್‌ಗಳು. ಒಂದು ಕೈಯಲ್ಲಿ ಗ್ಲಾಸ್ ಕೊಡುತ್ತಾ ‘ಆಂಟಿ, ಯಾವ ಮಾತ್ರೆ ತಗೋತೀರಿ?’ ಎಂದು ಯಾರು ಕೇಳುತ್ತಾರೆ?

ಗ್ಯಾಸ್ ವಿಷಯದಲ್ಲಿ ಮಾತ್ರ ಇದ್ದಿಲಿನ ಪರವಾಗಿ ಒಂದು ಮಾತು ಹೇಳಬೇಕು. ಊಟದ ನಂತರದ ಹೆಚ್ಚಿನ ವಾಯುವನ್ನು ಇದು ಕಡಿಮೆ ಮಾಡುತ್ತದೆ ಎಂದು ಬರೆದುಕೊಳ್ಳಲು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2011ರಲ್ಲಿ ಒಪ್ಪಿದೆ. ಷರತ್ತು: ಊಟಕ್ಕೆ ಕನಿಷ್ಠ ಅರ್ಧ ಗಂಟೆ ಮೊದಲು ಒಂದು ಗ್ರಾಂ, ಊಟವಾದ ಕೂಡಲೇ ಇನ್ನೊಂದು ಗ್ರಾಂ. ಕ್ಯಾಪ್ಸೂಲ್ ಆದರೆ ನಾಲ್ಕು ಮತ್ತು ನಾಲ್ಕು. ಬಿರಿಯಾನಿ ತಿಂದು ಬಂದು ನಮ್ಮ ಮಳಿಗೆಯಲ್ಲಿ ಒಂದು ಶರಬತ್ತು ಕುಡಿಯುವುದು ಆ ಷರತ್ತಿಗೆ ಹೊಂದುವುದಿಲ್ಲ. ಹಲ್ಲುಪುಡಿಯ ಕಥೆಯೂ ಇಷ್ಟೇ: ಇದ್ದಿಲಿನ ಪೇಸ್ಟು, ಪುಡಿಗಳು ಹಲ್ಲು ಬಿಳಿ ಮಾಡುತ್ತವೆ, ಸುರಕ್ಷಿತ ಎನ್ನಲು ಸಾಕಷ್ಟು ಆಧಾರವಿಲ್ಲ ಎಂದು ಅಮೆರಿಕದ ದಂತವೈದ್ಯ ಸಂಘದ ಪತ್ರಿಕೆ 2017ರಲ್ಲಿ ವಿಮರ್ಶೆ ಪ್ರಕಟಿಸಿತು. ತಿಕ್ಕಿ ತಿಕ್ಕಿ ಎನಾಮಲ್ ಹೋದರೆ ಅದು ಮತ್ತೆ ಬೆಳೆಯುವುದಿಲ್ಲ.

‘ದೊಡ್ಡ ಸಿಟಿಗಳ ಕೆಫೆಗಳಲ್ಲಿ ಮಾರುತ್ತಾರಲ್ಲ?’ ಎಂದರು. ಮಾರುತ್ತಾರೆ, ನಿಜ. ನ್ಯೂಯಾರ್ಕ್ ನಗರದಲ್ಲೂ ಮಾರುತ್ತಿದ್ದರು. ಆಹಾರಕ್ಕೆ ಬೆರೆಸಲು ಇದಕ್ಕೆ ಅನುಮತಿಯಿಲ್ಲ ಎಂದು 2018ರಲ್ಲಿ ಅಲ್ಲಿನ ಆರೋಗ್ಯ ಇಲಾಖೆ ನಿಲ್ಲಿಸಿತು.

‘ಒಂದು ಗ್ಲಾಸಿನಿಂದ ಯಾರೂ ಸಾಯುವುದಿಲ್ಲ’ ಎಂದೂ ಹೇಳಿದರು. ಅದೂ ನಿಜ. ಬಹುಪಾಲು ಜನರಿಗೆ ಏನೂ ಆಗುವುದಿಲ್ಲ. ಆದರೆ ಏನೂ ಆಗದ ವಸ್ತುವಿಗೆ ‘ವಿಷ ಹೊರಹಾಕುತ್ತದೆ’ ಎಂದು ಬೋರ್ಡ್ ಹಾಕುವುದನ್ನು ನಮ್ಮದೇ ಬಿಸಿನೆಸ್ ಸ್ಟಡೀಸ್ ಪುಸ್ತಕ ಏನೆಂದು ಕರೆಯುತ್ತದೆ? ಗ್ರಾಹಕರ ಹಕ್ಕುಗಳನ್ನು ಆರು ಅಂಕದ ಪ್ರಶ್ನೆಗೆ ಬಾಯಿಪಾಠ ಮಾಡುತ್ತಿರುವವರು ನಾವೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ ದಂಡವಿದೆ. ಕಾಲೇಜು ಮೇಳಕ್ಕೆ ಯಾರೂ ಬಂದು ದಂಡ ಹಾಕುವುದಿಲ್ಲ, ಗೊತ್ತು. ದೀನಿಯಾತ್ ತರಗತಿಯಲ್ಲಿ ಕೇಳಿದ ಧಾನ್ಯದ ರಾಶಿಯ ಪ್ರಸಂಗ ನಮಗೆಲ್ಲ ನೆನಪಿದೆ: ಪ್ರವಾದಿಯವರು ರಾಶಿಯೊಳಗೆ ಕೈ ಹಾಕಿದಾಗ ಒಳಗಿನ ಧಾನ್ಯ ಒದ್ದೆಯಾಗಿತ್ತು. ಆ ವ್ಯಾಪಾರಿ ಕಲ್ಲು ಬೆರೆಸಿರಲಿಲ್ಲ, ವಿಷ ಹಾಕಿರಲಿಲ್ಲ. ಒದ್ದೆಯದನ್ನು ಕೆಳಗೆ ಇಟ್ಟಿದ್ದ, ಅಷ್ಟೇ. ಡಬ್ಬಿಯ ಹಿಂದಿನ ಸಣ್ಣ ಅಕ್ಷರ ನೋಡಿದಾಗ ನನಗೆ ಅದೇ ನೆನಪಾಯಿತು.

ಗೆಳತಿಯೊಬ್ಬಳು ಮಧ್ಯದ ದಾರಿ ಹೇಳಿದಳು: ‘ಡಿಟಾಕ್ಸ್ ಎಂದು ಬರೆಯುವುದೇ ಬೇಡ, ಬರೀ ಕಪ್ಪು ನಿಂಬೆ ಶರಬತ್ತು ಎಂದು ಬರೆಯೋಣ.’ ಇಡೀ ಚರ್ಚೆಯಲ್ಲಿ ನನಗೆ ಸರಿ ಎನಿಸಿದ ಮಾತು ಇದೊಂದೇ. ಸುಳ್ಳು ಹೋಗುತ್ತದೆ. ಆದರೆ ಮಾತ್ರೆಯ ಸಮಸ್ಯೆ ಹೋಗುವುದಿಲ್ಲ. ‘ಔಷಧಿ ತೆಗೆದುಕೊಳ್ಳುವವರು ಕುಡಿಯಬಾರದು’ ಎಂದು ಕನ್ನಡ, ಉರ್ದು ಎರಡರಲ್ಲೂ ಬೋರ್ಡಿನಷ್ಟೇ ದೊಡ್ಡದಾಗಿ ಬರೆಯಬೇಕಾಗುತ್ತದೆ. ಹಾಗೆ ಬರೆದ ಶರಬತ್ತನ್ನು 40 ರೂಪಾಯಿ ಕೊಟ್ಟು ಯಾರು ಕುಡಿಯುತ್ತಾರೆ?

ಮೇಳ ಸಮಿತಿ ಶನಿವಾರ ಸೇರುತ್ತದೆ. ಮತ್ತೆ ಮತಕ್ಕೆ ಹಾಕಿ ಎಂದು ಮಿಸ್ ಹತ್ತಿರ ಕೇಳಿದ್ದೇನೆ, ಒಪ್ಪಿದ್ದಾರೆ. ನನ್ನ ಕಡೆಯಿಂದ ಸಬ್ಜಾ ಹಾಕಿದ ನಿಂಬೆ ಶರಬತ್ತಿನ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿದ್ದೇನೆ: ಖರ್ಚು 8 ರೂಪಾಯಿ, ಬೆಲೆ 25, ಲಾಭ 17. ಅದೇ 3,100 ಬರಬೇಕಾದರೆ ನೂರಲ್ಲ, 183 ಗ್ಲಾಸ್ ಹೋಗಬೇಕು. ಮೇಳ ಎರಡು ದಿನ, ಏಪ್ರಿಲ್‌ಗೆ ಹತ್ತಿರದ ಬಿಸಿಲು. ಐಸ್ ತರುವ ಕೆಲಸ ನನ್ನದು.