ಲೋಹಶಿಲ್ಪ ಮತ್ತು ಕನ್ನಡ ಸಂಶೋಧನೆಯ ಮೌನ

ಕೊಪ್ಪಳ ಪರಿಸರವನ್ನು ಕುರಿತ ಕನ್ನಡ ಸಂಶೋಧನೆ ಬಹುಮಟ್ಟಿಗೆ ಕಲ್ಲನ್ನು ಕುರಿತದ್ದು. ಗವಿಮಠ ಮತ್ತು ಪಾಲ್ಕಿಗುಂಡುಗಳ ಅಶೋಕನ ಶಾಸನಗಳು, ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಬೃಹತ್ ಶಿಲಾಗೋರಿಗಳು, ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದು ಈಗ ಕುಕನೂರು ತಾಲ್ಲೂಕಿನಲ್ಲಿರುವ ಇಟಗಿಯ ಮಹಾದೇವ ದೇವಾಲಯ ಇವೆಲ್ಲ ಅಧ್ಯಯನಕ್ಕೆ ಒಳಗಾಗಿವೆ. ಕುಷ್ಟಗಿ ಭಾಗದ ಗ್ರಾನೈಟ್ ಗಣಿಗಳು ಸಹ ಕಲ್ಲಿನ ಕಥೆಯನ್ನೇ ಮುಂದುವರಿಸುತ್ತವೆ. ಲೋಹದ ಮಾತು ಬಂದಾಗ ನೆನಪಾಗುವುದು ಗಿಣಿಗೇರಿ ಸುತ್ತಲಿನ ಉಕ್ಕಿನ ಕಾರ್ಖಾನೆಗಳು ಮಾತ್ರ. ಲೋಹವು ಉದ್ಯಮದ ವಸ್ತು, ಕಲೆಯ ಮಾಧ್ಯಮವಲ್ಲ ಎಂಬ ಈ ಗ್ರಹಿಕೆ ಮರುಪರಿಶೀಲನೆಗೆ ಒಳಗಾಗಬೇಕಾಗಿದೆ.

ಚರಿತ್ರೆ ಈ ಗ್ರಹಿಕೆಯನ್ನು ಸಮರ್ಥಿಸುವುದಿಲ್ಲ. ಹಿರೇಬೆಣಕಲ್ಲಿನ ಗೋರಿಗಳು ಕಬ್ಬಿಣ ಯುಗದವು. ಇಟಗಿಯ ದೇವಾಲಯ 1112ರಲ್ಲಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ನಿರ್ಮಾಣವಾಯಿತು. ಅವನ ಮಗ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ವು ಮೇಣದ ಮಾದರಿಯಿಂದ ಲೋಹವಿಗ್ರಹವನ್ನು ಎರಕ ಹೊಯ್ಯುವ ಕ್ರಮವನ್ನು ವಿವರಿಸುತ್ತದೆ. ಅಂದರೆ ಎರಕದ ತಿಳಿವಳಿಕೆ ಕಲ್ಯಾಣ ಚಾಲುಕ್ಯರ ವಿದ್ವತ್ತಿನ ಭಾಗವೇ ಆಗಿತ್ತು.

ಈ ಹಿನ್ನೆಲೆಯಲ್ಲಿ ಎಲ್.ಎನ್. ತಲ್ಲೂರ್ ಅವರ ಕಲಾಜೀವನವನ್ನು ಗಮನಿಸಬಹುದು. 1971ರಲ್ಲಿ ಕೋಟೇಶ್ವರದಲ್ಲಿ ಹುಟ್ಟಿದ ತಲ್ಲೂರ್, ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಚಿತ್ರಕಲೆಯನ್ನೂ ಬರೋಡದಲ್ಲಿ ವಸ್ತುಸಂಗ್ರಹಾಲಯ ಶಾಸ್ತ್ರವನ್ನೂ ಕಲಿತು, ಬಳಿಕ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಅಧ್ಯಯನ ಮುಂದುವರಿಸಿದರು. 2012ರಲ್ಲಿ ಅವರಿಗೆ ಸ್ಕೋಡಾ ಪ್ರಶಸ್ತಿ ದೊರೆಯಿತು. 2019ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಅವರ ಶಿಲ್ಪಗಳ ದೊಡ್ಡ ಪ್ರದರ್ಶನ ನಡೆಯಿತು. ಮರ, ಕಲ್ಲು, ಸಿಮೆಂಟುಗಳನ್ನೂ ಬಳಸುವ ಅವರ ಕೃತಿಗಳಲ್ಲಿ ಕಂಚಿಗೆ ವಿಶೇಷ ಸ್ಥಾನವಿದೆ. 2011ರ 'ಯೂನಿಕೋಡ್' ಕೃತಿಯಲ್ಲಿ ನಟರಾಜನ ಪ್ರಭಾವಳಿ ಉಳಿದಿದೆ, ನಟರಾಜನಿಲ್ಲ. ಆ ಜಾಗದಲ್ಲಿ ನಾಣ್ಯಗಳು ಹುದುಗಿದ ಕಾಂಕ್ರೀಟಿನ ಉಂಡೆಯಿದೆ. ಗರ್ಭಗುಡಿಯ ವಿಗ್ರಹ ಸಂಗ್ರಹಾಲಯಕ್ಕೂ ಮಾರುಕಟ್ಟೆಗೂ ಸಾಗಿದಾಗ ಉಳಿಯುವುದೇನು ಎಂಬ ಪ್ರಶ್ನೆಯನ್ನು ಈ ಕೃತಿ ಎತ್ತುತ್ತದೆ. ಪರಂಪರೆಯನ್ನು ಆರಾಧಿಸದೆ, ನಿರಾಕರಿಸದೆ ಪ್ರಶ್ನಿಸುವ ಈ ನಿಲುವು ನವ್ಯೋತ್ತರ ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ.

ಇಂಥ ಕಲಾವಿದರು ವಿದೇಶಿ ಗ್ಯಾಲರಿಗಳಿಗೆ ಸೇರಿದವರು, ಕನ್ನಡ ವಿಭಾಗಗಳಿಗೆ ಅವರಿಂದೇನು ಎಂಬ ಆಕ್ಷೇಪ ಬರಬಹುದು. ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಲೋಹಶಿಲ್ಪ ಒಬ್ಬರ ಕೈಯ ಕೆಲಸವಲ್ಲ. ಅಚ್ಚು ಕಟ್ಟುವವರು, ಎರಕ ಹೊಯ್ಯುವವರು, ಉಜ್ಜಿ ಹೊಳಪು ಕೊಡುವವರು ಅದರ ಹಿಂದಿರುತ್ತಾರೆ. ಪ್ರದರ್ಶನದ ಫಲಕದ ಮೇಲೆ ಉಳಿಯುವುದು ಸಾಮಾನ್ಯವಾಗಿ ಒಂದೇ ಹೆಸರು. ಆದರೆ ಈ ಅಸಮಾನತೆಯನ್ನು ಪ್ರಶ್ನಿಸಬೇಕಾದರೂ ಕಸುಬಿನ ಭಾಷೆ ಗೊತ್ತಿರಬೇಕು. ಆ ಭಾಷೆ ಗ್ಯಾಲರಿಗಳ ಇಂಗ್ಲಿಷಿನಲ್ಲಿಲ್ಲ, ಕುಶಲಕರ್ಮಿಗಳ ಬಾಯಲ್ಲಿದೆ.

ಕೊಪ್ಪಳದ ಸಮೀಪದ ಕಿನ್ನಾಳ ಇದಕ್ಕೆ ಉತ್ತಮ ನಿದರ್ಶನ. ಭೌಗೋಳಿಕ ಸೂಚಿ ಮಾನ್ಯತೆ ಪಡೆದಿರುವ ಇಲ್ಲಿನ ಕಲೆ ಹಗುರ ಮರದ್ದು. ಆದರೂ ಚಿತ್ರಗಾರರು ತವರವನ್ನು ಪುಡಿ ಮಾಡಿ, ಅಂಟು ಬೆರೆಸಿ, ಮೂರ್ತಿಗೆ ಲೋಹದ ಹೊಳಪು ತರುತ್ತಾರೆ. ಇದಕ್ಕೆ 'ಲಾಜವಾರ' ಎಂಬ ಹೆಸರಿದೆ. ಮರದ ಹೊಟ್ಟು, ಹುಣಸೆ ಬೀಜದ ಅಂಟುಗಳ ಮಿಶ್ರಣಕ್ಕೆ 'ಕಿಟ್ಟ' ಎಂಬ ಮಾತಿದೆ. ಮರವೂ ಲೋಹದ ಚರ್ಮ ತೊಡುವ ಈ ವಿದ್ಯೆಯನ್ನು ಜಾನಪದ ವಸ್ತುವೆಂದು ಒಂದು ಖಾನೆಗೂ ತಲ್ಲೂರರ ಕಂಚನ್ನು ಆಧುನಿಕ ಕಲೆಯೆಂದು ಇನ್ನೊಂದು ಖಾನೆಗೂ ಸೇರಿಸುವ ವಿಂಗಡಣೆಯೇ ಸಂಶೋಧನೆಯ ಮೌನಕ್ಕೆ ಕಾರಣ.

ಆದ್ದರಿಂದ ಆಗಬೇಕಾದ ಕೆಲಸ ಎರಡು. ಕಿನ್ನಾಳದಂಥ ನೆಲೆಗಳ ವೃತ್ತಿಪದಗಳನ್ನು, ಬಲ್ಲ ಹಿರಿಯರು ಇರುವಾಗಲೇ, ಪ್ರಯೋಗ ಸಹಿತ ಸಂಗ್ರಹಿಸಬೇಕು. ಆ ಪದಗಳಿಂದಲೇ ಸಮಕಾಲೀನ ಶಿಲ್ಪವನ್ನು ಓದುವ ವಿಮರ್ಶೆ ಬೆಳೆಯಬೇಕು. ದೇವಾಲಯದ ಶಿಲ್ಪವನ್ನು ಶಾಸನದ ನೆರವಿನಿಂದ ಓದಲು ಕಲಿತ ಕನ್ನಡ ವಿದ್ವತ್ತಿಗೆ ಇದು ಅಸಾಧ್ಯವಾದುದಲ್ಲ. ತಡವಾದರೆ ಕೃತಿಗಳು ಸಂಗ್ರಹಾಲಯಗಳಲ್ಲಿ ಉಳಿದಾವು. ಅವುಗಳ ಬಗ್ಗೆ ಕನ್ನಡದಲ್ಲಿ ಮಾತಾಡಲು ಬೇಕಾದ ಪದಗಳು ಉಳಿಯಲಾರವು.