ದಕ್ಷತೆಯೇ ನಮ್ಮ ಗಣಿ

ಕಲ್ಲಿದ್ದಲಿನ ಮಾತು ಬಂದಾಗಲೆಲ್ಲ ನಮ್ಮ ಆಡಳಿತಗಾರರು ಭೂಗರ್ಭದ ಲೆಕ್ಕವನ್ನು ಮುಂದಿಡುತ್ತಾರೆ. 2022ರ ಏಪ್ರಿಲ್‌ನ ಅಂದಾಜಿನಂತೆ ದೇಶದ ನಿಕ್ಷೇಪ 36 ಸಾವಿರ ಕೋಟಿ ಟನ್‌ಗೂ ಅಧಿಕ. ಅಂಕಿ ಸಮಾಧಾನಕರವೇ, ಆದರೆ ಅದರಲ್ಲಿ ಖಚಿತಪಟ್ಟದ್ದು ಸುಮಾರು ಅರ್ಧ ಮಾತ್ರ. ಅದರಲ್ಲೂ ಆಳ, ಅರಣ್ಯ, ಜನವಸತಿಗಳ ಕಾರಣದಿಂದ ಎಲ್ಲವನ್ನೂ ಮೇಲೆತ್ತಲಾಗದು. ಮೇಲೆತ್ತಿದ್ದರಲ್ಲಿಯೂ ಬೂದಿಯ ಪಾಲು ಹೆಚ್ಚು.

ಆದ್ದರಿಂದ ನೆಲದಡಿ ಎಷ್ಟಿದೆ ಎಂಬುದಕ್ಕಿಂತ, ಉರಿಸಿದ್ದರಿಂದ ಎಷ್ಟು ವಿದ್ಯುತ್ ದೊರೆಯುತ್ತದೆ ಎಂಬುದೇ ಮುಖ್ಯ ಪ್ರಶ್ನೆಯೆಂದು ನಾನು ಭಾವಿಸುತ್ತೇನೆ. ಹಳೆಯ ಸ್ಥಾವರಗಳಲ್ಲಿ ವಿದ್ಯುತ್ತಾಗಿ ಮಾರ್ಪಡುವುದು ಇಂಧನದ ಶಾಖದಲ್ಲಿ ಶೇ 35ರ ಆಸುಪಾಸು. ಉಳಿದದ್ದರಲ್ಲಿ ಬಹುಪಾಲು ತಂಪುಗೊಳಿಸುವ ನೀರಿನೊಡನೆ, ಸ್ವಲ್ಪ ಚಿಮಣಿಯ ಹೊಗೆಯೊಡನೆ ವ್ಯರ್ಥವಾಗುತ್ತದೆ. ಉಗಿಯ ಒತ್ತಡ, ಉಷ್ಣತೆಗಳನ್ನು ಏರಿಸಿದರೆ ಈ ನಷ್ಟ ತಗ್ಗುತ್ತದೆ. 700 ಡಿಗ್ರಿ ಸೆಲ್ಸಿಯಸ್ ಮೀರಿದ ಉಗಿಯಿಂದ ಶೇ 46ರ ದಕ್ಷತೆ ಸಾಧಿಸುವುದು ಬಿಎಚ್‌ಇಎಲ್, ಎನ್‌ಟಿಪಿಸಿ ಹಾಗೂ ಕಲ್ಪಾಕ್ಕಂನ ಇಂದಿರಾ ಗಾಂಧಿ ಪರಮಾಣು ಸಂಶೋಧನಾ ಕೇಂದ್ರಗಳ ಜಂಟಿ ಸಂಶೋಧನೆಯ ಗುರಿ. ಅದು ಕೈಗೂಡಿದರೆ 100 ಟನ್ ಬೇಕಾಗುತ್ತಿದ್ದಲ್ಲಿ ಸುಮಾರು 76 ಟನ್ ಸಾಕು. ಹೊಗೆ, ಬೂದಿಗಳೂ ಅಷ್ಟೇ ಕಡಿಮೆ.

ಇಂಥ ಶಾಖವನ್ನು ಸಾಮಾನ್ಯ ಉಕ್ಕು ತಾಳಲಾರದು. ವಿಶೇಷ ಮಿಶ್ರಲೋಹಗಳೇ ಬೇಕು. ಸಂಶೋಧನೆಗೆಂದು 1,554 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ನೀಡಿತು. ಈ ತಂತ್ರಜ್ಞಾನದ 800 ಮೆಗಾವಾಟ್ ಸ್ಥಾವರದ ಪ್ರಸ್ತಾಪ ಬಜೆಟ್ ಭಾಷಣದಲ್ಲಿ ಕೇಳಿಬಂದದ್ದು 2024ರ ಜುಲೈನಲ್ಲಿ. ಎಂಟು ವರ್ಷಗಳ ಈ ಅಂತರ ನಮ್ಮ ಆದ್ಯತೆಯನ್ನು ಹೇಳುತ್ತದೆ.

ಕಲ್ಲಿದ್ದಲು ಗಣಿಯೇ ಇಲ್ಲದ ಕರ್ನಾಟಕಕ್ಕಂತೂ ಇದು ದೂರದ ವಿಷಯವಲ್ಲ. 1985ರಲ್ಲಿ ಆರಂಭವಾದ ರಾಯಚೂರು ಸ್ಥಾವರವೂ ಸೂಪರ್‌ಕ್ರಿಟಿಕಲ್ ತಂತ್ರಜ್ಞಾನದ ಯರಮರಸ್ ಸ್ಥಾವರವೂ ಹೊರರಾಜ್ಯದ ಇಂಧನವನ್ನೇ ನೆಚ್ಚಿವೆ. ಸಾಗಣೆಯ ವೆಚ್ಚವೂ ಕೊನೆಗೆ ಗ್ರಾಹಕನ ಬಿಲ್ಲಿಗೇ ಸೇರುತ್ತದೆ. ಇತ್ತ ಹಗಲಿನಲ್ಲಿ ಸೌರವಿದ್ಯುತ್ ಹೆಚ್ಚಿದಂತೆ ಶಾಖೋತ್ಪನ್ನ ಘಟಕಗಳನ್ನು ಅರೆಸಾಮರ್ಥ್ಯದಲ್ಲಿ ನಡೆಸಬೇಕಾಗುತ್ತದೆ. ಆಗ ದಕ್ಷತೆ ಮತ್ತಷ್ಟು ಕುಸಿಯುತ್ತದೆ. ಹಳೆಯ ಘಟಕಗಳ ಈ ಏರಿಳಿತವನ್ನು ನಿಭಾಯಿಸುವ ಬಗೆಯೂ ಸಂಶೋಧನೆಯ ವಿಷಯವಾಗಬೇಕು.

ಸೂರ್ಯ, ಗಾಳಿಗಳಿರುವಾಗ ಕಲ್ಲಿದ್ದಲಿಗೇಕೆ ಈ ಶ್ರಮ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ 2023–24ರಲ್ಲೂ ದೇಶದ ವಿದ್ಯುತ್ತಿನಲ್ಲಿ ಮುಕ್ಕಾಲು ಪಾಲಿನಷ್ಟು ಬಂದದ್ದು ಕಲ್ಲಿದ್ದಲಿನಿಂದ. ಬಿಡುವವರೆಗೆ ಉರಿಸಲೇಬೇಕಾದುದನ್ನು ಮಿತವಾಗಿ ಉರಿಸುವುದು ವಿವೇಕ. ಅದು ಹೊಸ ಸ್ಥಾವರಗಳಿಗೆ ನೆಪವಾಗಬಾರದು. ಪ್ರತಿ ಯೂನಿಟ್ ವಿದ್ಯುತ್ತಿಗೆ ಯಾವ ಘಟಕ ಎಷ್ಟು ಕಲ್ಲಿದ್ದಲು ಉರಿಸಿತೆಂಬ ವಿವರ ವರ್ಷವರ್ಷವೂ ಜನರಿಗೆ ಅರ್ಥವಾಗುವ ಕನ್ನಡದಲ್ಲಿ ಪ್ರಕಟವಾಗಲಿ. ಅತಿ ಹೆಚ್ಚು ನುಂಗುವ ಘಟಕ ಮೊದಲು ನಿವೃತ್ತಿಯಾಗಲಿ.