ಸದಾಶಿವನಗರದ ಸದಾಶಿವ ಯಾರು?

ಕಳೆದ ತಿಂಗಳು ಕೆಲಸದ ಮೇಲೆ ಬೆಂಗಳೂರಿಗೆ ಹೋಗಿದ್ದೆವು. ಬೆಳಿಗ್ಗೆ ಸ್ವಲ್ಪ ಸಮಯವಿತ್ತು. ಸ್ಯಾಂಕಿ ಕೆರೆ ಪಕ್ಕದ ಸದಾಶಿವನಗರದಲ್ಲಿ ಒಂದು ಸುತ್ತು ನಡೆದೆವು. ರಾಜಕಾರಣಿಗಳು, ಸಿನಿಮಾದವರು, ಉದ್ಯಮಿಗಳು ಇರುವ ಬಡಾವಣೆ. ಆಳೆತ್ತರದ ಕಾಂಪೌಂಡ್, ಮೇಲೆ ಕ್ಯಾಮೆರಾ, ಗೇಟಿನಲ್ಲಿ ಸೆಕ್ಯೂರಿಟಿ. ಒಂದು ಮನೆಯೆದುರು ಮರ ನೋಡುತ್ತ ನಿಂತಾಗ, "ಯಾರು ಬೇಕಿತ್ತು?" ಅಂತ ಕೇಳಿದರು.

"ಸುಮ್ಮನೆ ನಡೀತಿದ್ದೇವೆ. ಈ ಸದಾಶಿವ ಯಾರು, ಗೊತ್ತುಂಟಾ?" ಅಂದೆವು.

"ದೇವರ ಹೆಸರಿರಬೇಕು ಸಾರ್."

ದೇವರಲ್ಲ, ನಮ್ಮ ನೆರೆಯವರು. ಹೆಜಮಾಡಿಯಿಂದ ಶಾಂಭವಿ ಹೊಳೆ ದಾಟಿದರೆ ಮೂಲ್ಕಿ, ಅಲ್ಲೇ ಕಾರ್ನಾಡು. ಆ ಊರಿನ ಹೆಸರು ಹೊತ್ತ ಕಾರ್ನಾಡ್ ಸದಾಶಿವ ರಾವ್ (1881–1937) ಮಂಗಳೂರಿನ ಸಿರಿವಂತ ವಕೀಲರು. ಗಾಂಧೀಜಿಯವರ ದಾರಿ ಹಿಡಿದು ಜೈಲಿಗೆ ಹೋದರು. ಆಸ್ತಿಯನ್ನೆಲ್ಲ ಚಳವಳಿಗೆ, ಬಡವರಿಗೆ ಕೊಟ್ಟರು. ಮುಂಬೈಯಲ್ಲಿ ತೀರಿಕೊಂಡಾಗ ಬರಿಗೈ. ಅವರ ಹೆಸರು ಈಗ ಸೈಟಿನ ಬೆಲೆಯನ್ನು ಕೋಟಿಗಳಲ್ಲಿ ಹೇಳುವ ಜಾಗಕ್ಕೆ.

ಸೆಕ್ಯೂರಿಟಿಯವರದ್ದು ತಪ್ಪಲ್ಲ. ಹೊಳೆಯ ಈಚೆ ಇರುವ ನಮ್ಮಲ್ಲೇ ಎಷ್ಟು ಜನರಿಗೆ ಗೊತ್ತು?

ದುಡ್ಡು ಮಾಡುವುದೂ ತಪ್ಪಲ್ಲ. ನಮ್ಮ ಕಡೆಯೂ ಮುಂಬೈ, ಗಲ್ಫ್ ದುಡಿಮೆಯಲ್ಲಿ ದೊಡ್ಡ ಮನೆಗಳು ಎದ್ದಿವೆ. ಸಂತೋಷವೇ. ಆದರೆ ಹೊಸ ಕಾಂಪೌಂಡ್ ಬಂದ ಕೆಲವು ಕಡೆ, ಶಾಲೆ ಮಕ್ಕಳು, ಹಾಲು ಕೊಂಡೊಯ್ಯುವವರು ನಡೆಯುತ್ತಿದ್ದ ಕಾಲುದಾರಿ ಮುಚ್ಚಿಹೋಗಿದೆ. ಈಗ ಅವರು ಸುತ್ತು ಹಾಕಿ ರಸ್ತೆ ಬದಿಯಲ್ಲಿ ನಡೆಯಬೇಕು.

ಹೆಸರಿಡುವುದು ಸುಲಭ. ಅಷ್ಟೆಲ್ಲ ಕೊಟ್ಟವರ ನೆರೆಯವರಾಗಿ, ಮನೆ ಕಟ್ಟುವಾಗ ನಡೆಯುವವರಿಗೆ ಮೂರಡಿ ದಾರಿ ಬಿಡಲು ನಮಗೆ ಆಗದೇ?